ಹೊರಗ ಬರಬ್ಯಾಡೋ

ದೆವ್ವದ ಪಿಚ್ಚರ್ ಅಂದರೆ ನನಗೆ ಜೀವ. ಕವಿತೆ ಬರೆಯುವವನು ಇಂಥವನ್ನೆಲ್ಲ ನೋಡ್ತಾನಾ ಅಂತ ಸಾಲೋಟಗಿಯ ಗೆಳೆಯರು ನಗ್ತಾರೆ. ನಗಲಿ. ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ (1984) ಮೊಬೈಲಿನಲ್ಲೇ ಐದು ಸಲ ನೋಡೀನಿ. ಆ ಸಾಮ್ರಿಯ ಕಣ್ಣು, ಆ ಹಳೇ ಹವೇಲಿ! ಆದರೆ ಸಾಮ್ರಿ ಅಂಜುವುದು ಶಿವನ ತ್ರಿಶೂಲಕ್ಕೆ. ನಮ್ಮ ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ದೆವ್ವ ಬಿಡಿಸಲು ರಾಘವೇಂದ್ರ ಸ್ವಾಮಿಗಳೇ ಬೇಕು. ಅನಂತನಾಗ್ ಅಭಿನಯಕ್ಕೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ, ಆ ಮಾತು ಬೇರೆ. ನಾ ಕೇಳೂದು ಇಷ್ಟ: ದೆವ್ವ ಬೆನ್ನು ಹತ್ತಿದರೆ ಗುಡಿಯೊಳಗೆ ಓಡು ಅಂತಾರಲ್ಲ, ಜೀವಮಾನವಿಡೀ ಗುಡಿಕಟ್ಟೆಯ ಕೆಳಗೇ ನಿಂತು ಕೈಮುಗಿದ ನನ್ನಜ್ಜಿ ಎಲ್ಲಿಗೆ ಓಡಬೇಕಿತ್ತು?

ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಚಿತ್ರದಲ್ಲಿ ಕಾಯುವ ಗುಡಿಯೂ ಇಲ್ಲ, ಶಿಲುಬೆಯೂ ಇಲ್ಲ. ಕಿಟಕಿಗೆ ಹಲಗೆ ಬಡಿದು, ಎದ್ದುಬಂದ ಹೆಣಗಳನ್ನು ರಾತ್ರಿಯಿಡೀ ತಡೆಯುವವನು ಬೆನ್. ನಟ ಡ್ವೇನ್ ಜೋನ್ಸ್, ಕಪ್ಪು ಜನಾಂಗದವನು. ಅದನ್ನು ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮನೆಯೊಳಗಿದ್ದವರೆಲ್ಲ ಸತ್ತರೂ ಅವನೊಬ್ಬ ಉಳಿಯುತ್ತಾನೆ. ಬೆಳಗಾಗುತ್ತದೆ. ಹೆಣಗಳ ಬೇಟೆಗೆ ಹೊರಟ ಬಂದೂಕಿನ ಬಿಳಿಯರು ಕಿಟಕಿಯಲ್ಲಿ ಅವನನ್ನು ಕಂಡು, ಇವನೂ ಹೆಣವೇ ಎಂದು ಗುಂಡಿಕ್ಕುತ್ತಾರೆ. ಮುಂದಿನದು ಪೇಪರಿನ ಫೋಟೋಗಳಂತೆ ಒಂದೊಂದೇ ನಿಂತ ಚಿತ್ರ: ಕೊಕ್ಕೆ, ಸೌದೆ, ಬೆಂಕಿ.

ಅವ್ವಗ ಇಂಗ್ಲಿಷ್ ಬರೂದಿಲ್ಲ. ನನ್ನ ಮಗ್ಗುಲಿಗೆ ಕುಂತು ಪೂರಾ ನೋಡಿದಳು. ಹೆಣಗಳು ಬಾಗಿಲು ಬಡಿದಾಗ ಅಂಜಲಿಲ್ಲ. ಬಂದೂಕಿನವರು ಹೊಲ ದಾಟಿ ಬರುವುದು ಕಂಡಕೂಡಲೇ ಸೆರಗು ಬಾಯಿಗಿಟ್ಟು, “ಹೊರಗ ಬರಬ್ಯಾಡೋ ನನ್ನಪ್ಪಾ” ಅಂದಳು.