ಠಾಣೆಯ ನೆಲದಡಿಯ ಸತ್ಯ

ಗೋವೆಯೆಂದರೆ ಕಡಲತೀರ ಮತ್ತು ಮೋಜು ಎಂದೇ ತೋರಿಸುತ್ತ ಬಂದ ಹಿಂದಿ ಚಿತ್ರಗಳ ನಡುವೆ, 2015ರಲ್ಲಿ ತೆರೆಕಂಡ ನಿಶಿಕಾಂತ್ ಕಾಮತ್ ನಿರ್ದೇಶನದ ‘ದೃಶ್ಯಂ’ ಗೋವೆಯ ಹಳ್ಳಿಯನ್ನೂ ಅಲ್ಲಿಯ ಪೊಲೀಸ್ ಠಾಣೆಯನ್ನೂ ಕಥೆಯ ಕೇಂದ್ರಕ್ಕೆ ತಂದಿತು. ಇದರ ಮೂಲ ಜೀತು ಜೋಸೆಫ್ ಅವರ 2013ರ ಮಲಯಾಳ ಚಿತ್ರ. ಮರುವರ್ಷವೇ ಪಿ. ವಾಸು ಅದನ್ನು ರವಿಚಂದ್ರನ್ ನಾಯಕತ್ವದಲ್ಲಿ ‘ದೃಶ್ಯ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದಿದ್ದರಿಂದ, ಗೋವೆಯ ಕನ್ನಡಿಗರಿಗೆ ಈ ಕಥೆ ಎರಡು ಬಗೆಯಲ್ಲಿ ಪರಿಚಿತ.

ನಾಲ್ಕನೆಯ ತರಗತಿಗೇ ಓದು ನಿಲ್ಲಿಸಿ ಕೇಬಲ್ ಟಿ.ವಿ. ನಡೆಸುವ ವಿಜಯ್ ಸಾಳಗಾಂವಕರನ ಮಗಳನ್ನು ಯುವಕನೊಬ್ಬ ಮೊಬೈಲ್ ಚಿತ್ರದಿಂದ ಬೆದರಿಸುತ್ತಾನೆ. ಮಾನ ಉಳಿಸಿಕೊಳ್ಳುವ ಹೋರಾಟದಲ್ಲಿ ಅವನು ಸಾಯುತ್ತಾನೆ. ಸತ್ತವನು ಪೊಲೀಸ್ ಮಹಾನಿರೀಕ್ಷಕಿ ಮೀರಾ ದೇಶಮುಖಳ ಮಗ. ವಿಜಯ್ ಶವವನ್ನು ಬಚ್ಚಿಟ್ಟು, ಮನೆಯವರಿಗೆಲ್ಲ ಒಂದೇ ಸುಳ್ಳನ್ನು ಕಲಿಸುತ್ತಾನೆ.

ಚಿತ್ರದಲ್ಲಿ ಭ್ರಷ್ಟನೆಂದು ಎದ್ದು ಕಾಣುವವನು ಸಬ್ ಇನ್ಸ್‌ಪೆಕ್ಟರ್ ಗಾಯತೊಂಡೆ. ಆದರೆ ಅವನ ಲಂಚಕ್ಕಿಂತ ದೊಡ್ಡ ಭ್ರಷ್ಟತೆ, ಒಂದು ಕಾಸನ್ನೂ ಮುಟ್ಟದ ಮೀರಾಳದು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬುದು ನ್ಯಾಯದ ಮೊದಲ ಪಾಠ. ಕಳೆದುಹೋದವನ ತಾಯಿಯೇ ತನಿಖೆಯ ಒಡತಿಯಾದಾಗ, ಸಮವಸ್ತ್ರ ತಾಯ್ತನದ ಆಯುಧವಾಗುತ್ತದೆ. ಪುಟ್ಟ ಹುಡುಗಿಯ ಮೇಲೂ ಏಟು ಬೀಳುತ್ತದೆ. ಇಬ್ಬರು ಹೆತ್ತವರೂ ತಮ್ಮ ಕುಡಿಯನ್ನು ಕಾನೂನಿಗಿಂತ ಮೇಲಿಟ್ಟವರೇ. ವ್ಯತ್ಯಾಸವಿಷ್ಟೆ: ಒಬ್ಬನ ಕೈಯಲ್ಲಿ ಹಳೆಯ ಸಿನಿಮಾಗಳ ನೆನಪಿದೆ, ಇನ್ನೊಬ್ಬಳ ಕೈಯಲ್ಲಿ ಇಡೀ ಇಲಾಖೆಯಿದೆ.

ಯಶ್ ಚೋಪ್ರಾ ಅವರ 1975ರ ‘ದೀವಾರ್’ ಚಿತ್ರದಲ್ಲಿ ತಾಯಿ ಕಳ್ಳಸಾಗಣೆಗಿಳಿದ ಮಗನನ್ನು ತೊರೆದು, ಪೊಲೀಸನಾದ ಮಗನ ಪಕ್ಷದಲ್ಲಿ ನಿಂತಳು. ಅಂದಿನ ಪ್ರೇಕ್ಷಕನೂ ಆಕೆಯನ್ನು ಒಪ್ಪಿದ. ನಲವತ್ತು ವರ್ಷಗಳ ಬಳಿಕ ಅದೇ ಪ್ರೇಕ್ಷಕ ಶವ ಬಚ್ಚಿಟ್ಟವನು ಗೆಲ್ಲಲೆಂದು ಹಾರೈಸುತ್ತಾನೆ. ಅವನ ನೀತಿ ಕೆಟ್ಟಿತೆಂದು ಹಳಿಯುವುದು ಸುಲಭ. ನಿಜ ಹೇಳಿದರೆ ಠಾಣೆಯಲ್ಲಿ ತನ್ನ ಮಾತು ನಡೆಯಲಾರದೆಂಬ ಬಡವನ ಅಂಜಿಕೆಯೇ ಆ ಹಾರೈಕೆಯ ಬೇರು. ವಿಜಯಪುರ, ಬಾಗಲಕೋಟೆ, ಗದಗಗಳಿಂದ ವಾಸ್ಕೊ, ಮಾಪುಸಾಗಳಿಗೆ ಕೂಲಿಗೆ ಬಂದವನಿಗೆ, ಪರಭಾಷೆಯ ಠಾಣೆಯ ಮೆಟ್ಟಿಲೇರುವಾಗ ಆ ಅಂಜಿಕೆ ಇಮ್ಮಡಿಯಾಗುತ್ತದೆ.

ಈ ಅಂಜಿಕೆಗೆ ಕಾನೂನು ಕಿವಿಗೊಡದೆ ಇಲ್ಲ. ಬಂಧಿತನನ್ನು ಹೇಗೆ ನಡೆಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು 1996ರ ಡಿ.ಕೆ. ಬಸು ತೀರ್ಪಿನಲ್ಲಿ ವಿಧಿಸಿತು. ಪೊಲೀಸರ ಮೇಲಿನ ದೂರುಗಳನ್ನು ಕೇಳಲು ಪ್ರತ್ಯೇಕ ಪ್ರಾಧಿಕಾರವಿರಬೇಕೆಂದು 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಆದೇಶಿಸಿತು. ಆದರೆ ಅಂಥ ಬಾಗಿಲೊಂದಿದೆಯೆಂದು ಕೂಲಿಯವನಿಗೆ ಅವನ ಭಾಷೆಯಲ್ಲಿ ಹೇಳುವವರಿರಬೇಕು.

ಚಿತ್ರದ ಕೊನೆಯಲ್ಲಿ ಶವವಿರುವುದು ಹೊಸದಾಗಿ ಕಟ್ಟಿದ ಠಾಣೆಯ ನೆಲದಡಿ. ಲಾಠಿಗೆ ಅದು ಸಿಗಲಿಲ್ಲ. ಹುದ್ದೆಗೆ ರಾಜೀನಾಮೆಯಿತ್ತು, ಗಂಡನೊಡನೆ ಬರಿಯ ತಾಯಿಯಾಗಿ ಬಂದು ನಿಂತಾಗಲೇ ಮೀರಾಳಿಗೆ ಮಗನ ಗತಿಯ ಸುಳಿವು ದೊರೆಯುತ್ತದೆ.