ನರ್ಸಿಂಗ್ ಸೇರಿದ ನಮ್ಮ ಕೇರಿ ಮಕ್ಕಳಿಗೆ

ಭಟ್ಕಳ, ಹೊನ್ನಾವರ, ಕುಮಟಾದಿಂದ ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಸೇರಿದ ತಂಗಿ, ತಮ್ಮಂದಿರು ಫೋನ್ ಮಾಡ್ತಾ ಇದ್ದಾರೆ. ಇಂಗ್ಲಿಷಿನ ಭಯ, ರಕ್ತ ನೋಡೋ ಭಯ. ಎರಡೂ ನಿಧಾನಕ್ಕೆ ಹೋಗ್ತವೆ. ಅನಾಟಮಿ ಶಬ್ದಗಳು ಇಂಗ್ಲಿಷ್ ಮೀಡಿಯಂನವರಿಗೂ ಹೊಸವೇ.

ನಿನ್ನೆ ಒಬ್ಬಳು ದನಿ ತಗ್ಗಿಸಿ ಕೇಳಿದ್ದು ಬೇರೆ: "ಅಣ್ಣಾ, ಬೆಡ್‌ಪ್ಯಾನ್ ತೆಗೆಯೋದು ಯಾವಾಗ್ಲೂ ನಂಗೇ ಹಾಕಿದ್ರೆ?"

ನೋಡಮ್ಮಾ, ಅದೂ ಪಾಠವೇ, ಎಲ್ಲರೂ ಕಲೀಬೇಕು. ಸಾವಿತ್ರಿಬಾಯಿ ಫುಲೆ 1897ರಲ್ಲಿ ಪುಣೆಯ ಪ್ಲೇಗ್ ರೋಗಿಗಳ ಆರೈಕೆ ಮಾಡ್ತಾ ಸೋಂಕು ತಗುಲಿ ತೀರಿಕೊಂಡವರು. ರೋಗಿಯ ಸೇವೆಗೆ ನಾಚಿಕೆ ಬೇಡ. ಆದರೆ ಬ್ಯಾಚಲ್ಲಿ ಅಷ್ಟು ಜನ ಇದ್ದೂ ದಿನಾ ನಿಮ್ಮ ಹೆಸರೇ ಬಂದ್ರೆ ಸುಮ್ಮನಿರಬೇಡಿ. ತಾರೀಕು, ವಾರ್ಡು, ಹೇಳಿದ್ದು ಯಾರು, ಎಲ್ಲಾ ಬರೆದಿಡಿ. ಡ್ಯೂಟಿ ಲಿಸ್ಟಿನ ಫೋಟೋ ಇಟ್ಕೊಳ್ಳಿ. ಪ್ರಾಂಶುಪಾಲರಿಗೆ ಲಿಖಿತ ದೂರು ಕೊಟ್ಟು ನಕಲಿನ ಮೇಲೆ ಸೀಲು, ಸಹಿ ಹಾಕಿಸ್ಕೊಳ್ಳಿ. ಗುಮಾಸ್ತನಾಗಿ ಹೇಳ್ತೀನಿ, ಬಾಯಿಮಾತಿನ ದೂರು ಟೇಬಲ್ ದಾಟಲ್ಲ.

ಇನ್ನೊಂದು. ಮನೆ ಆದಾಯ ವರ್ಷಕ್ಕೆ 2.5 ಲಕ್ಷದೊಳಗಿದ್ರೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಮೊದಲೇ ನೋಡ್ಕೊಳ್ಳಿ. ದೂರಿನ ಪತ್ರ ಬರೆಯೋಕೆ ಬರದಿದ್ರೆ ಸಂಜೆ ಆರರ ಮೇಲೆ ಫೋನ್ ಮಾಡಿ, ಆಫೀಸಿಂದ ಬಂದಿರ್ತೀನಿ.