ಹದಿಮೂರಾದ ಮೇಲೆ ಸೊನ್ನೆ

ಪ್ರೋಗ್ರಾಮಿಂಗ್ ಕಲಿಸೋ ಯಾವ ಪುಸ್ತಕ ತೆಗೆದರೂ ಲೂಪ್ ಅಂದ ತಕ್ಷಣ ನಕ್ಷತ್ರಗಳ ತ್ರಿಕೋನ. ಬಿಇಯಲ್ಲಿ ನಾನೂ ಬಿಡಿಸಿದ್ದೇನೆ. ಅದು ಯಾರಿಗೆ ಬೇಕಿತ್ತೋ ಇವತ್ತಿಗೂ ಗೊತ್ತಾಗಿಲ್ಲ.

ಎಂಟನೇ ಕ್ಲಾಸಿನ ಅಣ್ಣನ ಮಗಳು ಈ ಸಲ, "ಕೋಡಿಂಗ್ ಎಲ್ಲಾ ಇಂಗ್ಲಿಷ್ ಮೀಡಿಯಂನವ್ರಿಗೆ ಚಿಕ್ಕಪ್ಪಾ" ಅಂದಳು. ಕನ್ನಡ ಮೀಡಿಯಂನಲ್ಲೇ ಓದಿದ ನನಗೆ ಅದು ಚುಚ್ಚಿತು. ಅಟ್ಟದಿಂದ ಅಳಗುಳಿ ಮಣೆ ಇಳಿಸಿದೆ.

ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4ರಂತೆ 56 ಹುಣಸೆಬೀಜ. ಒಂದು ಗುಳಿಯದನ್ನು ಪೂರ್ತಿ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕ್ತಾ ಹೋಗಬೇಕು. ಮಣೆಯೇ ಅರೇ. ಬಾಚೋದು ಅಂದ್ರೆ ಎಣಿಕೆಯನ್ನು ಕೈಗೆ ತಗೊಂಡು ಅಲ್ಲಿ ಸೊನ್ನೆ ಬರೆಯೋದು. ಹಾಕೋದು, 'ಕೈಯಲ್ಲಿ ಬೀಜ ಇರೋವರೆಗೆ' ಅನ್ನೋ ವೈಲ್ ಲೂಪ್. ಗುಳಿಗಳಿಗೆ 0ಯಿಂದ 13ರವರೆಗೆ ನಂಬರ್ ಕೊಟ್ಟೆವು. 13 ಆದಮೇಲೆ? "ಮತ್ತೆ ಸೊನ್ನೆ, ಸುತ್ತು ತಾನೇ!" ಒಂದು ಕೂಡಿಸಿ 14ರಿಂದ ಭಾಗಿಸಿದರೆ ಉಳಿಯೋ ಶೇಷ. ನಮ್ಮನ್ನು ಮಾಡ್ಯುಲೋ ಅಂತ ಹೆದರಿಸಿದ್ದು ಇದನ್ನೇ.

ಜಗಳ ಹತ್ತಿದ್ದು ಗೆಲ್ಲೋ ನಿಯಮಕ್ಕೆ. ಕೊನೆ ಬೀಜದ ಮುಂದಿನ ಗುಳಿ ಖಾಲಿಯಿದ್ದರೆ, ಅದರಾಚೆಯದ್ದು ಆಡಿದವರಿಗೆ. "ಅದರ ಎದುರಿಂದೂ ಸೇರಿ" ಅಂದರು ಅಮ್ಮ. "ನಮ್ಮೂರಲ್ಲಿ ಹಂಗಿಲ್ಲ" ಅಂದರು ಅತ್ತಿಗೆ. ಇಬ್ಬರೂ ಸೋಲಲಿಲ್ಲ. ಪೈಥಾನ್ 3ರಲ್ಲಿ ವೇರಿಯೇಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು. ಹುಡುಗಿ 'ಎದುರು' ಅಂತ ಒಂದಿಟ್ಟು, ಅಜ್ಜಿ ಊರಿನ ಆಟಕ್ಕೆ 1, ಅಮ್ಮನ ಊರಿನದಕ್ಕೆ 0 ಅಂದಳು. ನಮ್ಮ ಆಫೀಸಲ್ಲಾದರೆ ಇಷ್ಟಕ್ಕೆ ಎರಡು ಮೀಟಿಂಗ್.

ಅಮೆರಿಕದ ರಾನ್ ಎಗ್ಲಾಶ್, ಆಫ್ರಿಕನ್ ಮೂಲದವರು ಹಾಕಿಕೊಳ್ಳುವ ಕಾರ್ನ್‌ರೋ ಜಡೆಯಿಂದ ಮಕ್ಕಳಿಗೆ ಗಣಿತ, ಕಂಪ್ಯೂಟಿಂಗ್ ಕಲಿಸೋ ತಂತ್ರಾಂಶ ರೂಪಿಸಿದವರು. ಅಲ್ಲಿ ಪ್ರತಿ ಹೆಣಿಕೆಯೂ ಹಿಂದಿನದರ ನಕಲು, ಸ್ವಲ್ಪ ಸರಿದು, ತಿರುಗಿ, ಗಾತ್ರ ಬದಲಾಗಿ. ಲೆಕ್ಕ ಜಡೆಯೊಳಗೇ ಇದೆ, ನಾವು ತುರುಕಬೇಕಿಲ್ಲ. ಕಾರ್ಟೂನ್ ಬೆಕ್ಕಿಗೆ ಮೈಸೂರು ಪೇಟ ತೊಡಿಸಿ 'ನಮ್ಮ ಸಂಸ್ಕೃತಿ' ಅನ್ನೋದು ಬೇರೆ ವ್ಯಾಪಾರ.

ಈಗ ಅವಳು ಚೌಕಾಬಾರಕ್ಕೆ ಕೈಹಾಕಿದ್ದಾಳೆ. ನಾಲ್ಕು ಕವಡೆ, ಅಂಗಾತ ಬಿದ್ದಷ್ಟು ಅಂಕ, ನಾಲ್ಕೂ ಬೋರಲಾದರೆ 8. ಮೊದಲು 1, 2, 3, 4, 8ರಲ್ಲಿ ಯಾವುದಾದರೊಂದು ಬೀಳಲಿ ಅಂತ ಬರೆದಿದ್ದಳು. ನಾಲ್ಕು ಆಟ ನೋಡಿದ ಅಮ್ಮ, "ಇದೇನೇ, ಎಂಟು ಇಷ್ಟು ಸಲ ಬೀಳುತ್ತಾ? ಮೋಸ" ಅಂದರು. ಕವಡೆ ಅಂಗಾತ, ಬೋರಲು ಸಮಸಮ ಬೀಳುತ್ತೆ ಅಂದ್ಕೊಂಡ್ರೆ 16ರಲ್ಲಿ ಒಂದು ಸಲ ಬೀಳಬೇಕಾದ್ದು 5ರಲ್ಲಿ ಒಂದು ಸಲ ಬೀಳ್ತಿತ್ತು. ನಾನು ಬಾಯಿ ಬಿಡಲಿಲ್ಲ. ಅವಳು ಕವಡೆ ತಂದು ಎಸೆದು ಎಸೆದು ಬರೆದುಕೊಂಡಳು. ರಾತ್ರಿ ಫೋನ್ ಬಂತು: "ಚಿಕ್ಕಪ್ಪಾ, ಒಂದೊಂದು ಕವಡೇನೂ ಬೇರೆಬೇರೆಯಾಗಿ ಬೀಳ್ಬೇಕು ಕಣೋ."